ಮರೂನ್ ಲೇಕ್‌ನಿಂದ ವೆಸ್ಟ್ ಮರೂನ್ ಪಾಸ್: ಆಸ್ಪೆನ್ ಕಾಡು ದಾಟಿ ಹೂವಿನ ಹುಲ್ಲುಗಾವಲಿಗೆ ಹತ್ತೋದು ಹೇಗೆ, ಪೂರ್ತಿ ಗೈಡ್

ಕೊಲೊರಾಡೋಗೆ ಬಂದೋರಲ್ಲಿ ಬಹಳ ಜನ ಮರೂನ್ ಲೇಕ್ ದಡದಲ್ಲಿ ನಿಂತು, ನೀರಲ್ಲಿ ಆ ಎರಡು ಕೆಂಪು ಶಿಖರ ಕಾಣೋ ಹಾಗೆ ಒಂದು ಫೋಟೋ ಹೊಡ್ಕೊಂಡು, ಅರ್ಧ ಗಂಟೇಲಿ ವಾಪಸ್ ಬಸ್ ಹತ್ತಿಬಿಡ್ತಾರೆ. ಸ್ವಲ್ಪ ಉತ್ಸಾಹ ಇರೋರು ಕ್ರೇಟರ್ ಲೇಕ್ ತನಕ ಹೋಗ್ತಾರೆ. ಅಸಲಿ ಮಜಾ ಇರೋದು ಅದಾದ್ಮೇಲೆ, ಕಾಡು ಮುಗಿದು ಮರಗಳೇ ಇಲ್ಲದ ಹುಲ್ಲುಗಾವಲು ಶುರುವಾಗತ್ತಲ್ಲ, ಅಲ್ಲಿ. ಅಲ್ಲಿಗೆ ಹೋಗೋಕೆ ಪರ್ವತಾರೋಹಿ ಆಗಿರಬೇಕು ಅಂತೇನಿಲ್ಲ, ಹಗ್ಗ ಬೇಡ, ಕೊಕ್ಕೆ ಬೇಡ, ಆದ್ರೆ ಬೇಗ ಏಳಬೇಕು, ಗಡಿಯಾರ ನೋಡ್ಕೊಂಡು ನಡೀಬೇಕು, ಮತ್ತೆ "ಇವತ್ತು ಇಲ್ಲಿಗೆ ಸಾಕು" ಅನ್ನೋಕೆ ರೆಡಿ ಇರಬೇಕು. ಡೆನ್ವರ್ ಕಡೆ ಇರೋ ಕನ್ನಡದೋರಿಗೂ, ಬೇಸಿಗೆಗೆ ಮಕ್ಕಳ ಮನೆಗೆ ಅಂತ ಬರೋ ಅಪ್ಪ ಅಮ್ಮಂದಿರಿಗೂ ಉಪಯೋಗ ಆಗಲಿ ಅಂತ ಇದನ್ನ ಉದ್ದಕ್ಕೇ ಬರೀತಿದೀನಿ.

ಮೊದಲು ಲೆಕ್ಕ. ಮರೂನ್ ಲೇಕ್ ಸುಮಾರು 9,580 ಅಡಿ ಎತ್ತರದಲ್ಲಿದೆ, ಅಂದ್ರೆ ಹತ್ರಹತ್ರ 2,920 ಮೀಟರ್. ನಮ್ಮ ಮುಳ್ಳಯ್ಯನಗಿರಿ ತುದಿ 1,930 ಮೀಟರ್. ಅಂದ್ರೆ ನೀವು ಇನ್ನೂ ಪಾರ್ಕಿಂಗ್ ಲಾಟಲ್ಲಿ ಶೂ ಲೇಸ್ ಕಟ್ಕೊಳ್ತಾ ಇರುವಾಗ್ಲೇ ಮುಳ್ಳಯ್ಯನಗಿರಿಗಿಂತ ಒಂದು ಕಿಲೋಮೀಟರ್ ಮೇಲಿರ್ತೀರ. ಅಲ್ಲಿಂದ ಕ್ರೇಟರ್ ಲೇಕ್ 3 ಕಿಲೋಮೀಟರ್ ಚಿಲ್ಲರೆ, ಎತ್ತರ 10,076 ಅಡಿ. ವೆಸ್ಟ್ ಮರೂನ್ ಪಾಸ್ (ಪಾಸ್ ಅಂದ್ರೆ ಬೆಟ್ಟಸಾಲನ್ನ ದಾಟೋ ತಗ್ಗು ಜಾಗ) ಇರೋದು ಸುಮಾರು 12,500 ಅಡಿಯಲ್ಲಿ. ಲೇಕ್‌ನಿಂದ ಪಾಸ್‌ಗೆ ಒಂದು ಕಡೆಗೆ ಹತ್ತೂವರೆ ಕಿಲೋಮೀಟರ್, ಹೋಗಿ ಬರೋಕೆ 21. ಹತ್ತೋದು ಒಟ್ಟು 2,900 ಅಡಿ ಆಸುಪಾಸು. ಅಭ್ಯಾಸ ಇರೋರಿಗೆ 8 ಗಂಟೆ, ಇಲ್ದಿದ್ರೆ 10 ಗಂಟೆ ಅಂತ ಇಟ್ಕೊಳ್ಳಿ. ಹುಲ್ಲುಗಾವಲು ಮಾತ್ರ ಸಾಕು ಅಂದ್ರೆ ಇದರಲ್ಲಿ ಎರಡು ಮೂರು ಗಂಟೆ ಕಮ್ಮಿ.

ಯಾವ ತಿಂಗಳು

ಎರಡು ಸೀಸನ್ ಇದೆ, ಎರಡೂ ಬೇರೆ ಬೇರೆ ಟ್ರಿಪ್ ಅಂತ್ಲೇ ಅನ್ಕೊಳ್ಳಿ. ಹೂವು ನೋಡ್ಬೇಕು ಅಂದ್ರೆ ಜುಲೈ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದ ತನಕ. ಆಸ್ಪೆನ್ ಅನ್ನೋ ಬಿಳಿ ಕಾಂಡದ ಮರದ (ಹತ್ತಿರದ ಊರಿನ ಹೆಸರೂ ಅದೇ) ಎಲೆ ಹಳದಿ ಆಗೋದು ನೋಡ್ಬೇಕು ಅಂದ್ರೆ ಸೆಪ್ಟೆಂಬರ್ ಕೊನೇ ಹತ್ತು ದಿನ, ಒಂದೊಂದ್ ವರ್ಷ ಒಂದು ವಾರ ಹಿಂದೆ ಮುಂದೆ. ಎರಡೂ ಒಂದೇ ಸಲ ಸಿಗಲ್ಲ, ಕಾಡು ಬಂಗಾರ ಆಗೋ ಹೊತ್ತಿಗೆ ಮೇಲಿನ ಹುಲ್ಲು ಕಂದು ಬಣ್ಣಕ್ಕೆ ತಿರುಗಿರತ್ತೆ, ಒಂದೊಂದ್ಸಲ ಪಾಸ್ ಮೇಲೆ ಹೊಸ ಹಿಮಾನೂ ಬಿದ್ದಿರತ್ತೆ. ಜೂನಲ್ಲಿ ಮಾತ್ರ ಪಾಸ್ ಪ್ಲ್ಯಾನ್ ಹಾಕ್ಬೇಡಿ. ಕೆಳಗೆ ಬೇಸಿಗೆ ಥರ ಕಂಡ್ರೂ ಮೇಲೆ ಕಡಿದಾದ ಜಾಗದಲ್ಲಿ ಹಳೇ ಹಿಮ ಗಟ್ಟಿಯಾಗಿ ಕೂತಿರತ್ತೆ, ಹೆಚ್ಚು ಹಿಮ ಬಿದ್ದ ವರ್ಷ ಜುಲೈ ಮೊದಲ ವಾರದಲ್ಲೂ ಇರತ್ತೆ, ಜಾರಿದ್ರೆ ನಿಲ್ಲೋದು ಕೆಳಗಿನ ಬಂಡೆಗೆ ಹೊಡೆದ್ಮೇಲೇನೇ.

ನನ್ನನ್ನ ಕೇಳಿದ್ರೆ ಒಂದೇ ಸಲ ಹೋಗೋರು ಜುಲೈ ಆರಿಸ್ಕೊಳ್ಳಿ. ಸೆಪ್ಟೆಂಬರ್ ಬಣ್ಣ ನೋಡೋಕೆ ಕೊಲೊರಾಡೋದಲ್ಲಿ ರಸ್ತೆ ಪಕ್ಕದಲ್ಲೇ ನೂರು ಜಾಗ ಇದೆ, ಹೂವಿನ ಹುಲ್ಲುಗಾವಲಿಗೆ ಕಾಲೇ ಬೇಕು.

ಬುಕಿಂಗ್ ಇಲ್ದೆ ಹೊರಡ್ಬೇಡಿ

ಎಲ್ಲಕ್ಕಿಂತ ಹೆಚ್ಚು ಜನ ಎಡವೋದು ಇಲ್ಲೇ. ಮೇ ಮಧ್ಯ ಅಥವಾ ಕೊನೆಯಿಂದ ಅಕ್ಟೋಬರ್ ತನಕ ಮರೂನ್ ಲೇಕ್‌ಗೆ ಸುಮ್ನೆ ಕಾರ್ ಓಡಿಸ್ಕೊಂಡು ಹೋಗೋಕಾಗಲ್ಲ. ಒಂದೋ ಆನ್‌ಲೈನಲ್ಲಿ ಪಾರ್ಕಿಂಗ್ ರಿಸರ್ವೇಷನ್ ಮಾಡ್ಬೇಕು, ಇಲ್ಲಾ ಆಸ್ಪೆನ್ ಹೈಲ್ಯಾಂಡ್ಸ್ ಅನ್ನೋ ಜಾಗದಲ್ಲಿ ಕಾರ್ ಬಿಟ್ಟು ಶಟಲ್ ಬಸ್‌ಗೆ ರಿಸರ್ವೇಷನ್ ಮಾಡ್ಬೇಕು. ಬೆಳಗ್ಗೆ 8ರಿಂದ ಸಂಜೆ 5ರ ತನಕ ರಸ್ತೇಲಿ ಖಾಸಗಿ ಕಾರಿಗೆ ನಿರ್ಬಂಧ ಇರತ್ತೆ. ದರ, ದಿನಾಂಕ, ಬುಕಿಂಗ್ ಯಾವತ್ತು ಓಪನ್ ಆಗತ್ತೆ ಅನ್ನೋದು ವರ್ಷ ವರ್ಷ ಬದಲಾಗತ್ತೆ, ಹಾಗಾಗಿ ಫಾರೆಸ್ಟ್ ಸರ್ವೀಸಿನ ಪೇಜಲ್ಲೇ ನೋಡ್ಕೊಳ್ಳಿ, ಯಾರೋ ಹಳೇ ವಿಡಿಯೋದಲ್ಲಿ ಹೇಳಿದ್ದು ನಂಬ್ಕೊಂಡು ಹೋಗ್ಬೇಡಿ. ವೀಕೆಂಡ್ ಪಾರ್ಕಿಂಗ್ ಅಂತೂ ಓಪನ್ ಆದ ತಕ್ಷಣ ಖಾಲಿ, ನಮ್ಮ ತತ್ಕಾಲ್ ಟಿಕೆಟ್ ಥರ.

ಪಾಸ್ ತನಕ ಹೋಗೋ ಆಸೆ ಇದ್ರೆ ಶಟಲ್‌ಗಿಂತ ಪಾರ್ಕಿಂಗೇ ಒಳ್ಳೇದು, ಯಾಕಂದ್ರೆ ಬಸ್ ಶುರುವಾಗೋ ಹೊತ್ತಿಗೆ ನೀವು ಆಗ್ಲೇ ಕ್ರೇಟರ್ ಲೇಕ್ ದಾಟಿರಬೇಕು. ಬಸ್ ಮಾತ್ರ ಸಿಕ್ತಾ, ಪರವಾಗಿಲ್ಲ, ಆವತ್ತಿನ ಗುರಿ ಹುಲ್ಲುಗಾವಲು ಅಂತ ಮನೇಲೇ ಫಿಕ್ಸ್ ಮಾಡ್ಕೊಂಡು ಹೋಗಿ. ಕೊನೇ ಬಸ್ ಟೈಮ್ ಬರೆದಿಟ್ಕೊಳ್ಳಿ, ತಪ್ಪಿದ್ರೆ ಕತ್ತಲಲ್ಲಿ ರಸ್ತೆ ಗುಂಟ ಹಲವಾರು ಮೈಲಿ ನಡಿಗೆ.

ಡೆನ್ವರ್‌ನಿಂದ ಐ-70 ಹಿಡಿದು ಗ್ಲೆನ್‌ವುಡ್ ಸ್ಪ್ರಿಂಗ್ಸ್ ಮೇಲೆ ಬಂದ್ರೆ ಆಸ್ಪೆನ್ ಊರಿಗೆ ಸುಮಾರು 200 ಮೈಲಿ, ನಾಲ್ಕು ಗಂಟೆ. ಬೇಸಿಗೇಲಿ ಇಂಡಿಪೆಂಡೆನ್ಸ್ ಪಾಸ್ ಮೇಲೂ ಬರಬಹುದು, 12,095 ಅಡಿ, ದೂರ ಕಮ್ಮಿ, ತಿರುವು ಜಾಸ್ತಿ, ಒಂದೆರಡು ಕಡೆ ರಸ್ತೆ ಎಷ್ಟು ಕಿರಿದು ಅಂದ್ರೆ ಚಾರ್ಮಾಡಿ ಓಡಿಸಿದೋರಿಗೂ ಸ್ವಲ್ಪ ಬೆವರು ಬರತ್ತೆ. ಒಂದೇ ದಿನದಲ್ಲಿ ಡೆನ್ವರ್‌ನಿಂದ ಬಂದು ಪಾಸ್ ಹತ್ತಿ ವಾಪಸ್ ಹೋಗ್ತೀನಿ ಅನ್ನೋ ಹುಚ್ಚು ಬೇಡ. ಆಸ್ಪೆನ್ ಊರಲ್ಲಿ ರೂಮ್ ರೇಟ್ ಕೇಳಿದ್ರೆ ತಲೆ ತಿರುಗತ್ತೆ, ಅದು ಎತ್ತರದಿಂದಲ್ಲ. ಬೆಳ್ಳಿ ಗಣಿ ಕಾಲದಲ್ಲಿ ಹುಟ್ಟಿದ ಊರು, 1893ರಲ್ಲಿ ಬೆಳ್ಳಿ ಬೆಲೆ ಕುಸಿದಾಗ ಪಾಳು ಬಿದ್ದಂಗಾಗಿತ್ತಂತೆ, ಈಗ ನೋಡಿದ್ರೆ ನಂಬೋಕಾಗಲ್ಲ. ಕಾರ್ಬಂಡೇಲ್, ಗ್ಲೆನ್‌ವುಡ್ ಕಡೆ ಸ್ವಲ್ಪ ಅಗ್ಗ. ಟೆಂಟ್ ಇದ್ರೆ ಮರೂನ್ ಕ್ರೀಕ್ ರಸ್ತೇಲೇ ಸಿಲ್ವರ್ ಬಾರ್, ಸಿಲ್ವರ್ ಬೆಲ್, ಸಿಲ್ವರ್ ಕ್ವೀನ್ ಅಂತ ಮೂರು ಪುಟಾಣಿ ಕ್ಯಾಂಪ್‌ಗ್ರೌಂಡ್ ಇವೆ, ಸಿಕ್ರೆ ಅದೃಷ್ಟ.

ಎತ್ತರಕ್ಕೆ ಮೈ ಒಗ್ಗಬೇಕು

ಬೆಂಗಳೂರು 920 ಮೀಟರ್. ಅಲ್ಲಿಂದ ಬಂದು ಎರಡೇ ದಿನಕ್ಕೆ 3,800 ಮೀಟರ್ ಹತ್ತೋಕೆ ಹೋದ್ರೆ ಮೈ ಸುಮ್ನಿರಲ್ಲ. ಪಾಸ್ ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಕಮ್ಮಿ, ಪ್ರತಿ ಉಸಿರಲ್ಲಿ ಸಿಗೋ ಆಮ್ಲಜನಕಾನೂ ಅಷ್ಟೇ ಕಮ್ಮಿ. ಸಾಮಾನ್ಯವಾಗಿ 8,000 ಅಡಿ ದಾಟಿದ್ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬರದಿರೋದು, ಸುಸ್ತು ಶುರುವಾಗಬಹುದು. ಜಿಮ್‌ಗೆ ಹೋಗೋ 25 ವರ್ಷದ ಹುಡುಗನಿಗೆ ಬಂದು, ದಿನಾ ವಾಕಿಂಗ್ ಮಾಡೋ 60ರ ಅಮ್ಮನಿಗೆ ಬರದೇ ಇರಬಹುದು, ಫಿಟ್‌ನೆಸ್‌ಗೂ ಇದಕ್ಕೂ ಅಷ್ಟು ಸಂಬಂಧ ಇಲ್ಲ.

ಕ್ರಮ ಹೀಗೆ. ಡೆನ್ವರ್‌ನಲ್ಲಿ (5,280 ಅಡಿ) ಒಂದೆರಡು ರಾತ್ರಿ, ಆಮೇಲೆ ಆಸ್ಪೆನ್ ಹತ್ರ ಸುಮಾರು 8,000 ಅಡೀಲಿ ಕನಿಷ್ಠ ಒಂದು, ಆದ್ರೆ ಎರಡು ರಾತ್ರಿ. ಆ ದಿನಗಳಲ್ಲಿ ಸಣ್ಣಪುಟ್ಟ ವಾಕ್ ಮಾಡಿ, ನೀರು ಕುಡೀರಿ, ಬಿಯರ್ ಕಮ್ಮಿ ಮಾಡಿ. ಡಯಾಮಾಕ್ಸ್ ಅಂತ ಒಂದು ಮಾತ್ರೆ ಕೆಲವರಿಗೆ ಉಪಯೋಗ ಆಗತ್ತೆ, ಡಾಕ್ಟರ್ ಕೇಳ್ದೆ ತಗೋಬೇಡಿ, ಬಿಪಿ, ಹಾರ್ಟ್, ಕಿಡ್ನಿ ತೊಂದ್ರೆ ಇರೋರಂತೂ ಮೊದಲೇ ಕೇಳ್ಕೊಂಡು ಬನ್ನಿ. ದಾರೀಲಿ ತಲೆನೋವು ಬಂದ್ರೆ ನಿಲ್ಲಿ, ನೀರು ಕುಡೀರಿ, ಏನಾದ್ರೂ ತಿನ್ನಿ. ಅರ್ಧ ಗಂಟೆಗೂ ಕಮ್ಮಿ ಆಗ್ಲಿಲ್ಲ ಅಂದ್ರೆ ಇಳೀರಿ. ನಡಿಗೆ ತೂರಾಡ್ತಿದೆ, ಮಾತು ಅಡ್ಡಾದಿಡ್ಡಿ ಬರ್ತಿದೆ, ಕೂತಿದ್ರೂ ಏದುಸಿರು, ಕೆಮ್ಮಲ್ಲಿ ನೊರೆ, ಇದರಲ್ಲಿ ಒಂದು ಕಂಡ್ರೂ ಚರ್ಚೆ ಮಾಡ್ಬೇಡಿ, ತಕ್ಷಣ ಕೆಳಗೆ, ಜೊತೆಗೆ ಒಬ್ಬರು ಇರ್ಲೇಬೇಕು, ಅದು ಜೀವಕ್ಕೆ ಬರೋ ಲಕ್ಷಣ.

ಅಪ್ಪ ಅಮ್ಮನ ಜೊತೆ ಬಂದಿದ್ರೆ ಅವರಿಗೆ ಮರೂನ್ ಲೇಕ್ ಸುತ್ತಮುತ್ತ ಸಮತಟ್ಟು ದಾರಿ ಇದೆ, ಆಸ್ಪೆನ್ ಮರಾನೂ ಅಲ್ಲೇ ಸಿಗತ್ತೆ, ಬೆಂಚಿದೆ, ಟಾಯ್ಲೆಟ್ ಇದೆ. ಕ್ರೇಟರ್ ಲೇಕ್ ದಾರಿ ತುಂಬಾ ಕಲ್ಲು, ಮಂಡಿ ನೋವಿರೋರನ್ನ ಎಳ್ಕೊಂಡು ಹೋಗ್ಬೇಡಿ ಪ್ಲೀಸ್.

ಬ್ಯಾಗಲ್ಲಿ ಏನಿರಬೇಕು

ಇನ್ನೂರು ಡಾಲರ್ ಶೂ ಹಾಕಿ ರೇನ್ ಜಾಕೆಟ್ ಇಲ್ದೆ ಬರೋರನ್ನ ನೋಡಿದ್ರೆ ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅನ್ನೋ ಮಾತು ನೆನಪಾಗತ್ತೆ. ಶೂ ಗ್ರಿಪ್ ಚೆನ್ನಾಗಿದ್ರೆ ಸಾಕು, ಹಳೇದಾದ್ರೂ ಪರವಾಗಿಲ್ಲ. ಜಾಕೆಟ್ ಮಾತ್ರ ನಿಜವಾಗ್ಲೂ ನೀರು ತಡೀಬೇಕು. ಜುಲೈನಲ್ಲೂ ಪಾಸ್ ಮೇಲೆ ಆಲಿಕಲ್ಲು ಬೀಳತ್ತೆ, ಜೀನ್ಸು ಕಾಟನ್ ಟೀ ಶರ್ಟು ಒದ್ದೆ ಆದ್ರೆ ಒಣಗಲ್ಲ, ಗಾಳಿಗೆ ಮೈ ನಡುಗೋಕೆ ಹತ್ತು ನಿಮಿಷ ಸಾಕು. ಹಾಗಾಗಿ ಪಾಲಿಯೆಸ್ಟರ್ ಅಥವಾ ಉಣ್ಣೆ, ಒಂದು ಫ್ಲೀಸ್, ಟೊಪ್ಪಿ, ತೆಳು ಗ್ಲೌಸ್, ಒಂದು ಜೊತೆ ಎಕ್ಸ್‌ಟ್ರಾ ಕಾಲುಚೀಲ.

ಬಿಸಿಲು ಇನ್ನೊಂದು ಮೋಸ. ತಂಪಾಗಿದೆ ಅಂತ ಅನ್ಸತ್ತೆ, ಆದ್ರೆ ಸಾವಿರ ಮೀಟರ್ ಮೇಲೇರಿದ ಹಾಗೆ ಅತಿನೇರಳೆ ಕಿರಣ ಹತ್ತು ಪರ್ಸೆಂಟ್ ಆಸುಪಾಸು ಜಾಸ್ತಿ ಆಗ್ತಾ ಹೋಗತ್ತೆ, ನಮ್ಮ ಕಪ್ಪು ಚರ್ಮಕ್ಕೇನೂ ಆಗಲ್ಲ ಅನ್ನೋರ ಮೂಗಿನ ಸಿಪ್ಪೆ ಮಾರನೇ ದಿನ ಏಳತ್ತೆ. ಸನ್‌ಸ್ಕ್ರೀನ್, ಕನ್ನಡಕ, ತುಟಿಗೆ ಬಾಮ್.

ನೀರು ಒಬ್ಬರಿಗೆ ಮೂರು ಲೀಟರ್, ಇಲ್ಲಾ ಎರಡು ಲೀಟರ್ ಜೊತೆ ಒಂದು ಫಿಲ್ಟರ್. ಹಳ್ಳದ ನೀರು ಕನ್ನಡಿ ಥರ ಇದ್ರೂ ಹಾಗೇ ಕುಡೀಬೇಡಿ, ಜಿಯಾರ್ಡಿಯಾ ಅನ್ನೋ ಪರೋಪಜೀವಿ ಇರಬಹುದು, ಭೇದಿ ವಾರಗಟ್ಟಲೆ ಬಿಡಲ್ಲ. ಊಟಕ್ಕೆ ನನ್ನ ಓಟು ತುಪ್ಪ ಚಟ್ನಿಪುಡಿ ಹಚ್ಚಿ ಸುತ್ತಿದ ಚಪಾತಿಗೆ. ಪುಳಿಯೋಗರೆನೂ ಕೆಡಲ್ಲ ಆದ್ರೆ ಮೇಲೆ ತಣ್ಣಗಾಗಿ ಅನ್ನ ಗಟ್ಟಿ ಆಗತ್ತೆ, ತಿನ್ನೋಕೆ ಒಂಥರಾ. ಕಾಯಿ ಚಟ್ನಿ, ಮೊಸರನ್ನ ಬೇಡ. ಜೇಬಲ್ಲಿ ಕಡ್ಲೆಚಿಕ್ಕಿ, ಕೋಡುಬಳೆ ಇಟ್ಕೊಳ್ಳಿ, ಎತ್ತರದಲ್ಲಿ ಹಸಿವು ಗೊತ್ತಾಗಲ್ಲ, ಗಂಟೆಗೊಂದ್ಸಲ ಏನಾದ್ರೂ ಬಾಯಿಗೆ ಹಾಕ್ಕೊಂಡ್ರೆ ಕಾಲು ನಡೀತಾ ಇರತ್ತೆ. ಆಮೇಲೆ ಹೆಡ್‌ಲ್ಯಾಂಪ್, ಬ್ಯಾಂಡೇಜು, ಸೊಳ್ಳೆ ಔಷಧಿ (ಜುಲೈನಲ್ಲಿ ಕ್ರೇಟರ್ ಲೇಕ್ ಸೊಳ್ಳೆ ನಮ್ಮ ಕೆರೆ ಪಕ್ಕದ ಲೇಔಟನ್ನೂ ಮೀರಿಸತ್ತೆ), ಇಳಿಯುವಾಗ ಮಂಡಿ ಉಳಿಸೋಕೆ ಒಂದು ಜೊತೆ ಪೋಲ್, ಅಂದ್ರೆ ಊರುಗೋಲು.

ಮೊಬೈಲ್ ಸಿಗ್ನಲ್ ಸಿಗತ್ತೆ ಅಂತ ನಂಬ್ಕೋಬೇಡಿ. ಮ್ಯಾಪನ್ನ ಮೊದಲೇ ಡೌನ್‌ಲೋಡ್ ಮಾಡಿ, ಎಷ್ಟೊತ್ತಿಗೆ ವಾಪಸ್ ಬರ್ತೀರ ಅಂತ ಕೆಳಗಿರೋ ಯಾರಿಗಾದ್ರೂ ಹೇಳಿ ಹೋಗಿ. ಸ್ಯಾಟಲೈಟ್ ಎಸ್‌ಒಎಸ್ ಇರೋ ಫೋನಾದ್ರೆ ಅದು ಹೇಗೆ ಕೆಲಸ ಮಾಡತ್ತೆ ಅಂತ ಮನೇಲೇ ಒಂದ್ಸಲ ನೋಡ್ಕೊಳ್ಳಿ.

ಹೊರಡೋದು: ಕೆರೆಯಿಂದ ಆಸ್ಪೆನ್ ಕಾಡಿಗೆ

ಪಾಸ್‌ಗೆ ಹೋಗೋರು ಬೆಳಗ್ಗೆ 6ಕ್ಕಿಂತ ಮುಂಚೆ ಹೆಜ್ಜೆ ಹಾಕಿರಬೇಕು. ಕೆರೆಯ ಬಲ ದಡ ಹಿಡಿದು ಹೋಗಿ, ಬೋರ್ಡ್ ನೋಡಿ ಕ್ರೇಟರ್ ಲೇಕ್ ಕಡೆ ತಿರುಗಿ. ವಿಲ್ಡರ್‌ನೆಸ್ (ಕಾಯ್ದೆಯಡಿ ಕಾಪಾಡಿರೋ ಕಾಡು) ಗಡಿ ಹತ್ರ ರಿಜಿಸ್ಟ್ರೇಷನ್ ಪೆಟ್ಟಿಗೆ ಕಂಡ್ರೆ ಚೀಟಿ ತುಂಬಿ, ದುಡ್ಡೇನಿಲ್ಲ, ಹುಡುಕೋ ಪರಿಸ್ಥಿತಿ ಬಂದ್ರೆ ಅದೇ ಆಧಾರ. 1964ರಲ್ಲಿ ಅಮೆರಿಕದಲ್ಲಿ ವಿಲ್ಡರ್‌ನೆಸ್ ಕಾಯ್ದೆ ಬಂದಾಗ ಮೊದಲ ಪಟ್ಟೀಲೇ ಸೇರಿದ ಕಾಡಿದು, ಇಲ್ಲಿ ಸೈಕಲ್ಲೂ ಇಲ್ಲ, ಡ್ರೋನೂ ಇಲ್ಲ, ನಾಯಿ ಇದ್ರೆ ಹಗ್ಗ ಕಟ್ಟಿರಬೇಕು. ಅದಕ್ಕೂ ಮುಂಚೆ ಇದು ಯೂಟ್ ಅನ್ನೋ ಮೂಲನಿವಾಸಿ ಜನರ ಬೇಸಿಗೆ ನೆಲ, ಬೆಳ್ಳಿ ಸಿಕ್ಕಿದ ಕೂಡ್ಲೇ ಅವರನ್ನ ಎತ್ತಂಗಡಿ ಮಾಡಿ ಯೂಟಾ ಕಡೆಗೆ ಓಡಿಸಿದ್ರು. ಬೋರ್ಡುಗಳಲ್ಲಿ ಇದನ್ನ ಎರಡು ಸಾಲಲ್ಲಿ ಮುಗಿಸಿರ್ತಾರೆ.

ಈಗ ಕಾಡು. ಬಿಳಿ ಕಾಂಡ, ಅದರ ಮೇಲೆ ಕಣ್ಣಿನ ಥರ ಕಪ್ಪು ಗುರುತು, ಮೇಲೆ ರೂಪಾಯಿ ನಾಣ್ಯದಷ್ಟು ಅಥವಾ ಅದಕ್ಕಿಂತ ದೊಡ್ಡ ಎಲೆ. ಆ ಕಣ್ಣುಗಳು ಹಳೇ ಕೊಂಬೆ ಉದುರಿದ ಗಾಯದ ಕಲೆ. ಗಾಳಿ ಇಲ್ಲ ಅನ್ನೋ ಹೊತ್ತಲ್ಲೂ ಎಲೆ ನಡುಗ್ತಾ ಇರತ್ತೆ, ಊರ ಮುಂದಿನ ಅರಳಿ ಕಟ್ಟೆ ಮೇಲೆ ಕೂತು ಬೆಳೆದೋರಿಗೆ ಈ ಸದ್ದು ಹೊಸದಲ್ಲ. ಆಸ್ಪೆನ್‌ನಲ್ಲಿ ಕಾರಣ ಏನಂದ್ರೆ ಎಲೆಯ ತೊಟ್ಟು ದುಂಡಗಿರಲ್ಲ, ರಿಬ್ಬನ್ ಥರ ಚಪ್ಪಟೆ, ಎಲೆಗೆ ಅಡ್ಡಡ್ಡ, ಹಾಗಾಗಿ ಸಣ್ಣ ಉಸಿರಿಗೂ ಆ ಕಡೆ ಈ ಕಡೆ ವಾಲಾಡತ್ತೆ. ಒಂದು ಎಲೆ ಕಿತ್ಕೋಬೇಡಿ, ಕೆಳಗೆ ಬಿದ್ದಿದ್ದನ್ನ ತಗೊಂಡು ತೊಟ್ಟನ್ನ ಬೆರಳಲ್ಲಿ ತಿರುಗಿಸಿ ನೋಡಿ, ತಿಳಿಯತ್ತೆ.

ಇನ್ನೊಂದು ವಿಷಯ, ನಿಮ್ಮ ಸುತ್ತ ನಿಂತಿರೋ ನೂರು ಮರ ನೂರು ಗಿಡ ಅಲ್ಲದೇ ಇರಬಹುದು. ಆಸ್ಪೆನ್ ಹೆಚ್ಚಾಗಿ ಬೀಜಕ್ಕಿಂತ ಬೇರಿಂದ ಹಬ್ಬತ್ತೆ, ನೆಲದೊಳಗೆ ಒಂದೇ ಬೇರಿನ ಜಾಲ, ಮೇಲೆ ಬಂದಿದ್ದೆಲ್ಲ ಅದರ ಕಾಂಡಗಳು. ಪಕ್ಕದ ರಾಜ್ಯ ಯೂಟಾದಲ್ಲಿ ಪಾಂಡೋ ಅಂತ ಹೆಸರಿಟ್ಟಿರೋ ಒಂದು ಆಸ್ಪೆನ್ 43 ಹೆಕ್ಟೇರ್ ಹರಡ್ಕೊಂಡಿದೆ, ಸುಮಾರು 47,000 ಕಾಂಡ, ಎಲ್ಲಾ ಒಂದೇ ಜೀವ. ಸೆಪ್ಟೆಂಬರಲ್ಲಿ ಬಂದ್ರೆ ಇದನ್ನ ಕಣ್ಣಲ್ಲೇ ನೋಡಬಹುದು: ಎದುರಿನ ಗುಡ್ಡದಲ್ಲಿ ಒಂದು ಪಟ್ಟೆ ಪೂರ್ತಿ ಹಳದಿ, ಪಕ್ಕದ ಪಟ್ಟೆ ಇನ್ನೂ ಹಸಿರು, ಮತ್ತೊಂದು ಕಿತ್ತಳೆ. ಒಂದೊಂದು ಪಟ್ಟೆ ಒಂದೊಂದು ಬೇರಿನ ಕುಟುಂಬ, ಬಣ್ಣ ಹಾಕೋ ಟೈಮ್ ಅವರವರದ್ದು.

ಕಾಂಡದ ಬಿಳಿ ಮೇಲೆ ಕೈ ಆಡಿಸಿದ್ರೆ ವಿಭೂತಿ ಥರ ಪುಡಿ ಅಂಟತ್ತೆ. ಆ ಬಿಳಿ ಪದರದ ಕೆಳಗೆ ತೊಗಟೆ ಹಸಿರಾಗಿದೆ, ಎಲೆ ಇಲ್ಲದ ಚಳಿಗಾಲದಲ್ಲೂ ಅದು ಬಿಸಿಲಿಂದ ಸ್ವಲ್ಪ ಆಹಾರ ಮಾಡ್ಕೊಳ್ಳತ್ತೆ. ಅಷ್ಟು ತೆಳು ತೊಗಟೆ, ಜೀವಂತ ತೊಗಟೆ. ಅದರ ಮೇಲೆ ಹೃದಯ ಕೆತ್ತಿ ಹೆಸರು ಬರೆಯೋರಿದಾರಲ್ಲ, ಆ ಗಾಯದಿಂದ ಶಿಲೀಂಧ್ರ ಒಳಗೆ ಹೋಗಿ ಮರ ಕೊಳೆಯತ್ತೆ. ಕರಡಿ ಹತ್ತಿದ ಉಗುರಿನ ಗುರುತು, ಎಲ್ಕ್ ಜಿಂಕೆ ತೊಗಟೆ ಕಚ್ಚಿದ ಕಪ್ಪು ಕಲೆ ಹುಡುಕಿ ನೋಡಿ, ಅವಕ್ಕೆ ಓದು ಬರಹ ಬರಲ್ಲ, ನಮಗೆ ಬರತ್ತೆ.

ನಡೆಯೋ ರೀತಿ ಬಗ್ಗೆ ಇಲ್ಲೇ ಹೇಳಿಬಿಡ್ತೀನಿ. ಮೊದಲ ಒಂದು ಗಂಟೆ ಬೇಕಂತ್ಲೇ ನಿಧಾನ. ಪಕ್ಕದೋರ ಜೊತೆ ಪೂರ್ತಿ ವಾಕ್ಯ ಮಾತಾಡೋಕಾಗಬೇಕು, ಆಗ್ತಿಲ್ಲ ಅಂದ್ರೆ ಸ್ಪೀಡ್ ಜಾಸ್ತಿ ಆಗಿದೆ. ಓಡಿ ನಿಂತು ಓಡಿ ನಿಂತು ಹೋಗೋರಿಗಿಂತ, ಎತ್ತಿನಗಾಡಿ ವೇಗದಲ್ಲಿ ನಿಲ್ಲದೆ ಹೋಗೋರೇ ಮೊದಲು ತಲುಪೋದು. ಕಾಡು ಮಧ್ಯೆ ಮಧ್ಯೆ ಬಿಟ್ಟು ಬಂಡೆ ಕುಸಿದ ಜಾಗ ಬರತ್ತೆ, ಅಲ್ಲಿ ಕಾಲು ಉಳುಕೋದು ಸುಲಭ, ವ್ಯೂ ನೋಡ್ಬೇಕಂದ್ರೆ ನಿಂತು ನೋಡಿ, ನಡೀತಾ ನೋಡ್ಬೇಡಿ. ಬಂಡೆ ಸಂದೀಲಿ "ಈಕ್" ಅಂತ ಕೂಗಿದ್ರೆ ಅದು ಪೀಕಾ, ಮುಷ್ಟಿ ಗಾತ್ರದ ಮೊಲದ ಜಾತಿ, ಚಳಿಗಾಲಕ್ಕೆ ಅಂತ ಹುಲ್ಲು ಒಣಗಿಸಿ ಬಣವೆ ಹಾಕೋ ರೈತ ಅದು.

ಕ್ರೇಟರ್ ಲೇಕ್ ಮತ್ತು ಅಲ್ಲಿಂದ ಮುಂದೆ

ಒಂದೂವರೆ ಗಂಟೆ ಒಳಗೆ ಕ್ರೇಟರ್ ಲೇಕ್. ಆಗಸ್ಟ್ ಕೊನೆ ಹೊತ್ತಿಗೆ ನೀರು ತುಂಬಾ ಇಳಿದಿರತ್ತೆ, ಒಣ ಕೆರೆ ನೋಡಿ ಬೇಜಾರ್ ಮಾಡ್ಕೋಬೇಡಿ. ಹೆಸರಲ್ಲಿ ಕ್ರೇಟರ್ ಇದ್ರೂ ಇಲ್ಲಿ ಜ್ವಾಲಾಮುಖಿ ಏನಿಲ್ಲ. ಕೆರೆ ಹತ್ರ ದಾರಿ ಕವಲೊಡೆಯತ್ತೆ, ಬಲಕ್ಕೆ ಹತ್ತೋದು ಬಕ್‌ಸ್ಕಿನ್ ಪಾಸ್‌ಗೆ, ನಮ್ಮದು ಕೆರೆ ದಡ ಹಿಡಿದು ನೇರ, ವೆಸ್ಟ್ ಮರೂನ್ ಅಂತ ಬೋರ್ಡಿರತ್ತೆ. ಬೋರ್ಡ್ ಓದದೆ ಮುಂದಿರೋರ ಹಿಂದೆ ಹೋಗಿ ಎಲ್ಲೋ ತಲುಪೋದು ಇಲ್ಲಿ ಮಾಮೂಲು.

ಬಲಗಡೆ ತಲೆ ಮೇಲೇನೇ ಮರೂನ್ ಬೆಲ್ಸ್ ಅನ್ನೋ ಆ ಎರಡು ಶಿಖರಗಳು, ಎರಡೂ 14,000 ಅಡಿ ಮೇಲೆ. ಎಡಕ್ಕೆ ಪಿರಮಿಡ್ ಪೀಕ್. ಕೆಂಪು ಬಣ್ಣಕ್ಕೆ ಕಾರಣ ಕಲ್ಲಲ್ಲಿರೋ ಕಬ್ಬಿಣದ ತುಕ್ಕು. ಕಲ್ಲು ಪದರ ಪದರ, ಹಿಡಿದ್ರೆ ಕೈಗೇ ಬರತ್ತೆ. 1965ರ ಒಂದೇ ಬೇಸಿಗೇಲಿ ಐದು ಬೇರೆ ಬೇರೆ ಅಪಘಾತದಲ್ಲಿ ಎಂಟು ಜನ ಇಲ್ಲಿ ಸತ್ತರು, ಅವಾಗಿಂದ ಇದಕ್ಕೆ ಡೆಡ್ಲಿ ಬೆಲ್ಸ್ ಅಂತ ಅಡ್ಡಹೆಸರು. ಚಂದ ಕಾಣತ್ತೆ ಅಂತ ಯಾರಾದ್ರೂ "ಸ್ವಲ್ಪ ಮೇಲೆ ಹತ್ತಿ ಬರೋಣ್ವಾ" ಅಂದ್ರೆ ಕೈ ಹಿಡಿದು ಟ್ರೇಲ್ ಮೇಲೆ ನಿಲ್ಲಿಸಿ.

ಕೆರೆ ದಾಟಿದ್ಮೇಲೆ ಜನಜಂಗುಳಿ ಥಟ್ ಅಂತ ನಿಲ್ಲತ್ತೆ. ಎದೆಯೆತ್ತರದ ವಿಲೋ ಪೊದೆಗಳ ನಡುವೆ ದಾರಿ, ಬೆಳಗಿನ ಇಬ್ಬನಿಗೆ ಪ್ಯಾಂಟ್ ಪೂರ್ತಿ ಒದ್ದೆ. ಇಲ್ಲಿ ಮಾತಾಡ್ಕೊಂಡು, ಸದ್ದು ಮಾಡ್ಕೊಂಡು ನಡೀರಿ, ವಿಲೋ ಅಂದ್ರೆ ಮೂಸ್‌ಗೆ (ಭಾರೀ ಗಾತ್ರದ ಜಿಂಕೆ ಜಾತಿ) ಪ್ರಾಣ. ಕರಡಿಗಿಂತ ನಾನು ಹೆದರೋದು ಮೂಸ್‌ಗೆ. ಕುದುರೆ ಗಾತ್ರ, ಮರಿ ಜೊತೆಗಿದ್ರೆ ಕೋಪ ಮೂಗಿನ ತುದೀಲಿ. ಕೈ ಚಾಚಿ ಹೆಬ್ಬೆರಳು ಎತ್ತಿ ಒಂದು ಕಣ್ಣು ಮುಚ್ಚಿ ನೋಡಿ, ಪ್ರಾಣಿ ಪೂರ್ತಿ ಹೆಬ್ಬೆರಳ ಹಿಂದೆ ಮರೆ ಆಗ್ಬೇಕು, ಆಗ್ಲಿಲ್ಲ ಅಂದ್ರೆ ತುಂಬಾ ಹತ್ರ ಇದೀರ. ಕಿವಿ ಹಿಂದಕ್ಕೆ ಮಡಚಿ ಕತ್ತಿನ ಕೂದಲು ನಿಮಿರಿಸಿದ್ರೆ ಓಡಿ ದೊಡ್ಡ ಮರವೋ ಬಂಡೆಯೋ ಅಡ್ಡ ಇಟ್ಕೊಳ್ಳಿ. ಕಪ್ಪು ಕರಡಿ ಸಿಕ್ಕಿದ್ರೆ ಉಲ್ಟಾ, ಓಡಬಾರದು, ನಿಂತು ಗಟ್ಟಿಯಾಗಿ ಮಾತಾಡ್ತಾ ನಿಧಾನ ಹಿಂದೆ ಸರೀಬೇಕು.

ಮುಂದೆ ವೆಸ್ಟ್ ಮರೂನ್ ಹಳ್ಳವನ್ನ ದಾಟಬೇಕು, ಸೇತುವೆ ಇಲ್ಲ. ಜುಲೈ ಮೊದಲಲ್ಲಿ ಮಂಡಿ ತನಕ ಬರಬಹುದು, ಆಗಸ್ಟ್‌ನಲ್ಲಿ ಕಲ್ಲಿಂದ ಕಲ್ಲಿಗೆ ಹೆಜ್ಜೆ ಇಟ್ರೆ ಆಯ್ತು. ಹಿಮ ಕರಗೋದು ಮಧ್ಯಾಹ್ನ, ಹಾಗಾಗಿ ಬೆಳಗ್ಗೆ ಸುಲಭ ಇದ್ದ ಹಳ್ಳ ವಾಪಸ್ ಬರುವಾಗ ಉಬ್ಬಿರತ್ತೆ, ಅದನ್ನ ಲೆಕ್ಕದಲ್ಲಿಟ್ಕೊಳ್ಳಿ. ದಾಟುವಾಗ ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿ, ಬಿದ್ರೆ ಬ್ಯಾಗ್ ಬಿಟ್ಟು ಏಳೋಕಾಗಬೇಕು. ನೀರು ಹರಿದು ಬರೋ ಕಡೆಗೆ ಮುಖ ಮಾಡಿ, ಪೋಲ್ ಊರಿ, ಒಂದು ಸಲಕ್ಕೆ ಒಂದೇ ಕಾಲು.

ಹುಲ್ಲುಗಾವಲು

ಮರಗಳು ಕುಳ್ಳಗಾಗ್ತಾ ಹೋಗಿ ಒಂದು ಹಂತದಲ್ಲಿ ನಿಂತೇ ಹೋಗತ್ತೆ. ಕಣಿವೆ ಪೂರ್ತಿ ತೆರ್ಕೊಳ್ಳತ್ತೆ, ಎರಡು ಕಡೆ ಕೆಂಪು ಗೋಡೆ, ಮಧ್ಯೆ ಹಸಿರು, ಆ ಹಸಿರಲ್ಲಿ ಹೂವು. ಕೊಲಂಬೈನ್ ಮೊದಲು ಹುಡುಕಿ, ನೀಲಿ ಬಿಳಿ ಎರಡು ಬಣ್ಣ, ಹಿಂದೆ ಉದ್ದ ಬಾಲ, 1899ರಿಂದ ಇದು ರಾಜ್ಯದ ಹೂವು, ಬೇರು ಸಮೇತ ಕೀಳೋದನ್ನ 1925ರಲ್ಲೇ ಕಾನೂನು ಮಾಡಿ ತಡೆದ್ರು. ಕೆಂಪಗೆ ಕುಂಚದ ಥರ ಇರೋದು ಪೇಂಟ್‌ಬ್ರಶ್, ಅದು ಪಕ್ಕದ ಗಿಡದ ಬೇರಿಂದ ಸ್ವಲ್ಪ ಕದ್ದು ತಿನ್ನೋ ಗಿಡ. ನೀರು ಜಿನುಗೋ ಜಾಗದಲ್ಲಿ ಗುಲಾಬಿ ಬಣ್ಣದ ಎಲಿಫೆಂಟ್ ಹೆಡ್, ಒಂದು ದಂಟಿನ ತುಂಬಾ ಸೊಂಡಿಲು ಎತ್ತಿದ ಪುಟ್ಟ ಪುಟ್ಟ ಗಣಪ, ಬಗ್ಗಿ ನೋಡಿ, ನಿಜವಾಗ್ಲೂ ಹಾಗೇ ಇದೆ. ಲುಪೈನ್, ಬ್ಲೂಬೆಲ್, ಹಳದಿ ಸೂರ್ಯಕಾಂತಿ ಜಾತಿ, ಲೆಕ್ಕ ಇಡೋಕಾಗಲ್ಲ. ಯಾವುದನ್ನೂ ಬಾಯಿಗಿಡ್ಬೇಡಿ, ಇದೇ ಗುಂಪಲ್ಲಿ ಮಾಂಕ್ಸ್‌ಹುಡ್, ಲಾರ್ಕ್‌ಸ್ಪರ್, ಅಗಲ ಎಲೆಯ ಕಾರ್ನ್ ಲಿಲಿ ಇವೆ, ಮೂರೂ ವಿಷ.

ಫೋಟೋಗೋಸ್ಕರ ಹೂವಿನ ಮಧ್ಯೆ ಕೂರೋದು, ಮಲಗೋದು ದಯವಿಟ್ಟು ಬೇಡ. ಇಲ್ಲಿ ಗಿಡಕ್ಕೆ ವರ್ಷಕ್ಕೆ ಸಿಗೋ ಬೇಸಿಗೆ ಎರಡು ತಿಂಗಳು, ಒಂದ್ಸಲ ತುಳಿದ ಜಾಗ ಸರಿ ಹೋಗೋಕೆ ವರ್ಷಗಳು ಬೇಕು. ದಾರಿ ಕೆಸರಾಗಿದ್ರೂ ಕೆಸರಲ್ಲೇ ನಡೀರಿ, ಪಕ್ಕದ ಹುಲ್ಲು ತುಳಿದ್ರೆ ಮುಂದಿನ ವರ್ಷ ಅಲ್ಲೊಂದು ಹೊಸ ದಾರಿ ಹುಟ್ಟತ್ತೆ. ಶೌಚಕ್ಕೆ ಹೋಗ್ಬೇಕಾದ್ರೆ ನೀರಿಂದ, ದಾರಿಯಿಂದ 200 ಅಡಿ ದೂರ, ಅಂದ್ರೆ ಎಪ್ಪತ್ತು ಹೆಜ್ಜೆ, ಆರೆಂಟು ಇಂಚು ಗುಂಡಿ ತೋಡಿ ಮುಚ್ಚಿ, ಪೇಪರ್ ಮಾತ್ರ ಜಿಪ್‌ಲಾಕ್‌ನಲ್ಲಿ ವಾಪಸ್ ತನ್ನಿ. ಕಿತ್ತಳೆ ಸಿಪ್ಪೆ, ಕಡ್ಲೆಕಾಯಿ ಸಿಪ್ಪೆನೂ ಅಷ್ಟೇ, ಈ ಚಳೀಲಿ ಅದು ಬೇಗ ಗೊಬ್ಬರ ಆಗಲ್ಲ.

ಬ್ಯಾಗ್ ನೆಲದ ಮೇಲಿಟ್ಟು ದೂರ ಹೋಗ್ಬೇಡಿ, ಮಾರ್ಮಟ್ ಅಂತ ದಪ್ಪ ಅಳಿಲಿನ ಜಾತಿ ಇದೆ, ಬೆವರಿನ ಉಪ್ಪಿಗೆ ಅಂತ ಬ್ಯಾಗಿನ ಪಟ್ಟಿ, ಪೋಲಿನ ಹಿಡಿ ಎಲ್ಲಾ ಕಡೀತವೆ.

ಗಡಿಯಾರ, ಮೋಡ, ಸಿಡಿಲು

ಈ ಗೈಡಲ್ಲಿ ಒಂದೇ ಒಂದು ಭಾಗ ಓದೋದಾದ್ರೆ ಇದನ್ನ ಓದಿ. ಜುಲೈ ಆಗಸ್ಟಲ್ಲಿ ಈ ರಾಕೀಸ್ ಬೆಟ್ಟಸಾಲಲ್ಲಿ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿರತ್ತೆ, 10 ಗಂಟೆಗೆ ಅಲ್ಲೊಂದು ಇಲ್ಲೊಂದು ಹತ್ತಿ ಮೋಡ, 12ಕ್ಕೆ ಅವು ಹೂಕೋಸಿನ ಹಾಗೆ ಮೇಲಕ್ಕೆ ಬೆಳೀತವೆ, 1 ಗಂಟೆಗೆ ಗುಡುಗು. ದಕ್ಷಿಣದಿಂದ ಬರೋ ತೇವದ ಗಾಳಿ ಬಿಸಿಲಿಗೆ ಕಾದ ಬೆಟ್ಟದ ಮೈ ಹಿಡಿದು ಮೇಲೇರತ್ತೆ, ಅದಕ್ಕೇ ಇಷ್ಟು ಟೈಮ್‌ಟೇಬಲ್ ಪ್ರಕಾರ. ಮರ ಇಲ್ಲದ ಹುಲ್ಲುಗಾವಲಲ್ಲಿ ಎತ್ತರದ ವಸ್ತು ನೀವೇ.

ನಿಯಮ: ಮಧ್ಯಾಹ್ನ 12ರ ಒಳಗೆ ಪಾಸ್ ಬಿಟ್ಟು ಇಳಿಯೋಕೆ ಶುರು ಮಾಡಿರಬೇಕು. ಅಂದ್ರೆ 11ಕ್ಕೆ ಪಾಸ್ ಇನ್ನೂ ದೂರ ಇದೆ ಅನ್ಸಿದ್ರೆ ಅಲ್ಲೇ ಹುಲ್ಲುಗಾವಲಲ್ಲಿ ಊಟ ಮಾಡಿ ತಿರುಗಿ. ಮೋಡ ಬೇಗ ಬೆಳೆದ್ರೆ ಗಡಿಯಾರ ಏನೇ ಹೇಳ್ಲಿ ಮೋಡದ ಮಾತು ಕೇಳಿ. ಹಿಂದಿನ ರಾತ್ರಿ ನ್ಯಾಷನಲ್ ವೆದರ್ ಸರ್ವೀಸಲ್ಲಿ ಮ್ಯಾಪ್ ಮೇಲೆ ಪಾಸ್ ಇರೋ ಜಾಗಾನೇ ಕ್ಲಿಕ್ ಮಾಡಿ ಗಂಟೆ ಗಂಟೆ ಹವಾಮಾನ ನೋಡಿ, ಆಸ್ಪೆನ್ ಊರಿನ ಹವಾಮಾನ ನೋಡಿದ್ರೆ ಪ್ರಯೋಜನ ಇಲ್ಲ, ಪಾಸ್ ಮೇಲೆ ಊರಿಗಿಂತ ಎಂಟ್ಹತ್ತು ಡಿಗ್ರಿ ಸೆಲ್ಸಿಯಸ್ ಕಮ್ಮಿ ಇರತ್ತೆ.

ಮಿಂಚು ಕಂಡು ಗುಡುಗು ಕೇಳೋ ತನಕ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಆದ್ರೆ ಗುಡುಗು ಕಿವಿಗೆ ಬಿತ್ತು ಅಂದ್ರೇನೇ ಸಿಡಿಲು ನಿಮ್ಮನ್ನ ತಲುಪೋ ದೂರದಲ್ಲಿದೆ ಅಂತ ಅರ್ಥ, ಎಣಿಸ್ತಾ ನಿಲ್ಲೋದಕ್ಕಿಂತ ಇಳಿಯೋದು ಮೇಲು. ಒಂಟಿ ಮರದ ಕೆಳಗೆ, ಬಂಡೆಯ ಪೊಟರೆಯೊಳಗೆ ನಿಲ್ಬೇಡಿ. ಒಂದೇ ಎತ್ತರದ ಮರಗಳ ದಟ್ಟ ಕಾಡಿಗೆ ಇಳಿದ್ರೆ ವಾಸಿ. ಇಳಿಯೋಕೆ ಟೈಮೇ ಇಲ್ಲ, ಕೂದಲು ಎದ್ದು ನಿಲ್ತಿದೆ ಅಂದ್ರೆ ಪೋಲ್ ಬಿಸಾಕಿ, ಗುಂಪಿನೋರು ದೂರ ದೂರ ಹರಡ್ಕೊಂಡು, ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತ್ಕೊಳ್ಳಿ. ಅದು ಕೊನೇ ಉಪಾಯ ಅಷ್ಟೇ, ರಕ್ಷಣೆ ಅಂತ ನಂಬ್ಕೋಬೇಡಿ.

ಪಾಸ್

ಕೊನೇ ಅರ್ಧ ಮೈಲಿ ಕಡಿದು, ಕೆಂಪು ಪುಡಿ ಕಲ್ಲು, ಹತ್ತು ಹೆಜ್ಜೆ ನಡೆದು ಉಸಿರು ತಗೋಬೇಕು. ಮೇಲೆ ಜಾಗ ಕಿರಿದು, ಗಾಳಿ ಜೋರು. ಆ ಕಡೆ ಇಳಿದ್ರೆ ಇನ್ನೊಂದು ಹೂವಿನ ಕಣಿವೆ, ಅದು ಕ್ರೆಸ್ಟೆಡ್ ಬ್ಯೂಟ್ ಊರಿನ ಕಡೆ. ಬಹಳ ಜನ ಈ ಕಡೆಯಿಂದ ಹತ್ತಿ ಆ ಕಡೆ ಇಳೀತಾರೆ, ನಡೆದ್ರೆ ಒಟ್ಟು ಹನ್ನೊಂದು ಮೈಲಿ ಹತ್ತಿರ, ಅದೇ ಕಾರಲ್ಲಿ ಸುತ್ತಿ ಬರೋಕೆ ನೂರು ಮೈಲಿ. ಹಾಗೆ ಮಾಡೋದಾದ್ರೆ ಆ ಕಡೆ ಕಾರಿನ ವ್ಯವಸ್ಥೆ ಮೊದಲೇ ಮಾಡ್ಕೊಳ್ಳಿ, "ಯಾರಾದ್ರೂ ಲಿಫ್ಟ್ ಕೊಡ್ತಾರೆ ಬಿಡು" ಅಂತ ಇಳಿದುಬಿಡ್ಬೇಡಿ.

ಇಳಿಯುವಾಗ ಪೋಲ್ ಸ್ವಲ್ಪ ಉದ್ದ ಮಾಡಿ, ಲೇಸ್ ಬಿಗಿ ಮಾಡಿ, ಇಲ್ದಿದ್ರೆ ಬೆರಳು ಶೂ ಮುಂಭಾಗಕ್ಕೆ ಹೊಡೆದು ಉಗುರು ಕಪ್ಪಾಗತ್ತೆ. ಕಾಲು ಉಳುಕೋದು ಜಾಸ್ತಿ ವಾಪಸ್ ಬರುವಾಗ್ಲೇ, ಅದೂ ಕ್ರೇಟರ್ ಲೇಕ್‌ನಿಂದ ಕೆಳಗಿನ ಕಲ್ಲಲ್ಲಿ, ಯಾಕಂದ್ರೆ ಮನಸ್ಸು ಆಗ್ಲೇ ಬಸ್ ಸ್ಟಾಪಲ್ಲಿರತ್ತೆ. ಅಲ್ಲಿ ಒಂದು ಹತ್ತು ನಿಮಿಷ ಕೂತು ಉಳಿದ ಚಿಕ್ಕಿ ಮುಗಿಸಿ ಇಳೀರಿ. ಕಾರಲ್ಲಿ ತಿಂಡಿ ಬಿಟ್ಟು ಹೋಗಿದ್ರೆ ವಾಪಸ್ ಬಂದಾಗ ಬಾಗಿಲು ಇರತ್ತೋ ಇಲ್ವೋ, ಇಲ್ಲಿನ ಕರಡಿಗಳಿಗೆ ಕಾರ್ ಬಾಗಿಲು ತೆಗೆಯೋಕೆ ಬರತ್ತೆ.

ಬುಕಿಂಗ್ ಸಿಗ್ಲಿಲ್ವಾ?

ಆಸ್ಪೆನ್ ಕಾಡು ಮತ್ತೆ ತೆರೆದ ಹುಲ್ಲುಗಾವಲು ಎರಡೂ ಬೇಕು, ಇಷ್ಟೆಲ್ಲಾ ರಗಳೆ ಬೇಡ ಅಂದ್ರೆ ಡೆನ್ವರ್‌ನಿಂದ ಹೈವೇ 285ರಲ್ಲಿ ಒಂದೂವರೆ ಗಂಟೆ ದೂರ ಕೆನೋಶಾ ಪಾಸ್ ಇದೆ, 10,000 ಅಡಿ. ಕೊಲೊರಾಡೋ ಟ್ರೇಲ್ ಅನ್ನೋ ಉದ್ದದ ಕಾಲುದಾರಿ ಇಲ್ಲಿ ರಸ್ತೆಯನ್ನೇ ದಾಟ್ಕೊಂಡು ಹೋಗತ್ತೆ, ಎರಡು ಕಡೆನೂ ನಡೀಬಹುದು, ಏರು ಕಮ್ಮಿ, ಸ್ವಲ್ಪ ನಡೆದ್ರೆ ಆಸ್ಪೆನ್ ತೋಪು ಬಿಟ್ಟು ಸೌತ್ ಪಾರ್ಕ್ ಬಯಲು ಕಣ್ಣು ಹಾಯೋಷ್ಟು ದೂರ ಕಾಣತ್ತೆ. ಸೆಪ್ಟೆಂಬರ್ ವೀಕೆಂಡಲ್ಲಿ ಮಾತ್ರ ರಸ್ತೆ ಪಕ್ಕ ಒಂದು ಮೈಲಿ ಕಾರ್ ನಿಂತಿರತ್ತೆ, ಮಂಗಳವಾರವೋ ಬುಧವಾರವೋ ರಜ ಹಾಕಿ ಹೋಗಿ.